ಗರಿಕೆಗೊಂದು ಗೆರೆ

ಕವಿತೆ, ಪುಸ್ತಕ ಪರಿಚಯ, ಊರಿನ ನೆನಪುಗಳು ಬರುವ ನಮ್ಮ ಕೂಟದ ಪತ್ರದಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೇನು ಕೆಲಸ ಎಂದು ಹುಬ್ಬೇರಿಸಬೇಡಿ. ಕಳೆದ ಸಲ ಸೇರಿದಾಗ ಕಾದಂಬರಿಯ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ಆಮೇಲೆ ಕಾಫಿ ಹಿಡಿದು ಹಿತ್ತಲಿಗೆ ಹೋದವರು ಹುಲ್ಲಿನ ಬಗ್ಗೆ ಒಂದು ಗಂಟೆ ಮಾತಾಡಿದೆವು! ಹ್ಯೂಸ್ಟನ್ನಿನ ಸುತ್ತಮುತ್ತ ಮನೆ ಮಾಡಿಕೊಂಡಿರುವ ನಮಗೆಲ್ಲ ಲಾನ್ ಮೋವರ್ ತಳ್ಳುವುದು ಬರುತ್ತದೆ. ಆದರೆ ಹುಲ್ಲುಹಾಸು ಮುಗಿದು ಕಾಲುದಾರಿ ಶುರುವಾಗುವ ಆ ಗೆರೆ ಇದೆಯಲ್ಲ, ಅದನ್ನು ನೇರವಾಗಿ ತೆಗೆಯುವುದು ಹೇಗೆ ಎಂದು ಮೂರು ಜನ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ. ಊರಿನಿಂದ ಬರುವ ಹಿರಿಯರು "ಗೊಬ್ಬರ ಹಾಕಿ, ನೀರು ಬಿಟ್ಟು, ಬೆಳೆಸಿ, ಕತ್ತರಿಸಿ, ಚೀಲಕ್ಕೆ ತುಂಬಿ ಎಸೆಯುತ್ತೀರಲ್ಲಪ್ಪಾ, ಒಂದು ಹಸುವನ್ನಾದರೂ ಕಟ್ಟಬಾರದೇ" ಎಂದು ಕೇಳುವ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ಮೊದಲು, ಅಂಚು ಯಾಕೆ ಬೇಕು? ಬರೀ ಚೆಂದಕ್ಕಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಗಾದೆ ನಮ್ಮಲ್ಲಿದೆ. ಇಲ್ಲಿ ಹೊಲವೇ ಎದ್ದು ದಾರಿಯನ್ನು ಮೇಯುತ್ತದೆ. ಹುಲ್ಲು ಮೇಲಕ್ಕೆ ಬೆಳೆಯುವುದು ಎಲ್ಲರಿಗೂ ಕಾಣುತ್ತದೆ, ಪಕ್ಕಕ್ಕೆ ಹರಿಯುವುದು ಕಾಣುವುದಿಲ್ಲ. ನಮ್ಮ ಕಡೆಯ ಮನೆಗಳ ಮುಂದೆ ಹೆಚ್ಚಾಗಿ ಇರುವುದು ಎರಡು ಜಾತಿ. ಒಂದು ಅಗಲ ಎಲೆಯ ಸೇಂಟ್ ಆಗಸ್ಟೀನ್. ಇನ್ನೊಂದು ಬರ್ಮುಡಾ ಗ್ರಾಸ್. ಈ ಬರ್ಮುಡಾ ಯಾರು ಗೊತ್ತೇ? ನಮ್ಮ ಗಣಪತಿಯ ಗರಿಕೆ! ಸಸ್ಯಶಾಸ್ತ್ರದ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಅದು ಬರ್ಮುಡಾ ದ್ವೀಪದ ಮೂಲದ್ದಲ್ಲ, ಹಳೆಯ ಜಗತ್ತಿನಿಂದ ಹಡಗು ಹತ್ತಿ ಬಂದದ್ದು. ನಮ್ಮ ಹಾಗೆಯೇ ವಲಸಿಗ ಅನ್ನಿ. ಚೌತಿಯ ದಿನ ಇಪ್ಪತ್ತೊಂದು ಗರಿಕೆಗಾಗಿ ಇಂಡಿಯನ್ ಅಂಗಡಿಗೆ ಫೋನ್ ಮಾಡುವವರು ಒಮ್ಮೆ ತಮ್ಮ ಕಾಲಡಿ ನೋಡಿಕೊಳ್ಳಬಹುದು. (ಕಳೆನಾಶಕ ಹೊಡೆಸಿದ ಲಾನಿನದ್ದು ಬೇಡ, ದೇವರ ತಲೆಯ ಮೇಲೆ ರಾಸಾಯನಿಕ ಯಾಕೆ?)

ಈ ಎರಡು ಜಾತಿಗಳ ನಡತೆ ಬೇರೆ ಬೇರೆ, ಅಂಚು ತೆಗೆಯುವ ಕ್ರಮವೂ ಅದರಿಂದಲೇ ಬದಲಾಗುತ್ತದೆ. ಸೇಂಟ್ ಆಗಸ್ಟೀನ್ ನೆಲದ ಮೇಲೆ ದಪ್ಪ ಹಂಬು ಬಿಡುತ್ತದೆ. ಆ ಹಂಬು ಗೆಣ್ಣುಗೆಣ್ಣಿಗೆ ಬೇರು ಬಿಟ್ಟುಕೊಂಡು ಮುಂದಕ್ಕೆ ಹೋಗುತ್ತದೆ. ಸಿಮೆಂಟಿನ ಮೇಲೆ ಬಂದರೆ ಬೇರೂರಲು ಮಣ್ಣಿಲ್ಲದೆ ಸುಮ್ಮನೆ ಚಾಚಿ ಮಲಗಿರುತ್ತದೆ. ಕತ್ತರಿಸಿದರೆ ಮುಗಿಯಿತು. ಗರಿಕೆ ಹಾಗಲ್ಲ. ಅದಕ್ಕೆ ಮೇಲೊಂದು ಹಂಬು, ಮಣ್ಣಿನೊಳಗೆ ಇನ್ನೊಂದು ಹಂಬು. ಮೇಲಿನದ್ದನ್ನು ನೀವು ಎಷ್ಟು ನೀಟಾಗಿ ಕತ್ತರಿಸಿದರೂ ಒಳಗಿನದ್ದು ಸಿಮೆಂಟಿನ ಬಿರುಕಿನಲ್ಲಿ, ಹೂವಿನ ಪಾತಿಯ ನಡುವೆ, ತಲೆ ಎತ್ತುತ್ತದೆ. ಆದ್ದರಿಂದ ಸೇಂಟ್ ಆಗಸ್ಟೀನ್ ಇದ್ದವರಿಗೆ ಟ್ರಿಮ್ಮರ್ ಒಂದೇ ಸಾಕು. ಗರಿಕೆ ಇದ್ದವರಿಗೆ ವರ್ಷಕ್ಕೆ ಎರಡು ಸಲವಾದರೂ ಸಲಿಕೆಯೂ ಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಯಂತ್ರ. ಅಂಗಡಿಯಲ್ಲಿ ಇದಕ್ಕೆ ಸ್ಟ್ರಿಂಗ್ ಟ್ರಿಮ್ಮರ್ ಎಂದು ಹೆಸರು, ಜನರ ಬಾಯಲ್ಲಿ ವೀಡ್ ಈಟರ್. ಎರಡನೆಯದು ಒಂದು ಕಂಪನಿಯ ಹೆಸರು, ನಮ್ಮೂರಿನಲ್ಲೇ ಹುಟ್ಟಿದ್ದು. ಹ್ಯೂಸ್ಟನ್ನಿನಲ್ಲಿ ನೃತ್ಯಶಾಲೆ ನಡೆಸುತ್ತಿದ್ದ ಜಾರ್ಜ್ ಬಲ್ಲಾಸ್ ಎಂಬವರು 1971ರಲ್ಲಿ ಕಾರ್ ವಾಶ್‌ನಲ್ಲಿ ಕೂತಿದ್ದಾಗ, ಗಿರಗಿರ ತಿರುಗುವ ನೈಲಾನ್ ಬ್ರಷ್‌ಗಳು ಕಾರಿನ ಬಣ್ಣ ಕೆಡಿಸದೆ ಕೊಳೆ ತೆಗೆಯುವುದನ್ನು ನೋಡಿದರಂತೆ. ಮರಗಳ ಬುಡದ ಹುಲ್ಲನ್ನು ತೊಗಟೆಗೆ ಪೆಟ್ಟಾಗದ ಹಾಗೆ ತೆಗೆಯಲು ಇದೇ ಉಪಾಯ ಯಾಕಾಗಬಾರದು ಎಂದು ಅವರಿಗೆ ಅನ್ನಿಸಿತು. ಮನೆಗೆ ಬಂದು ಒಂದು ತಗಡಿನ ಡಬ್ಬಿಗೆ ತೂತು ಕೊರೆದು, ದಾರ ಪೋಣಿಸಿ, ಅಂಚು ತೆಗೆಯುವ ಎಡ್ಜರ್ ಯಂತ್ರಕ್ಕೆ ಅದನ್ನು ಸಿಕ್ಕಿಸಿ ತಿರುಗಿಸಿದರು. ಹುಲ್ಲು ಹಾರಿತು! ಕಂಪನಿಗಳು ಇದನ್ನು ಕೊಳ್ಳಲು ಒಪ್ಪದಿದ್ದಾಗ ತಾವೇ ಕಂಪನಿ ಮಾಡಿ, 1977ರಲ್ಲಿ ಎಮರ್ಸನ್ ಎಲೆಕ್ಟ್ರಿಕ್‌ಗೆ ಮಾರಿದರು. 2011ರಲ್ಲಿ ತೀರಿಕೊಂಡರು. ಮರದ ತೊಗಟೆ ಉಳಿಸಲು ಹುಟ್ಟಿದ ಯಂತ್ರ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಒಂದು ತುಂಡು ದಾರ ಹುಲ್ಲನ್ನು ಕತ್ತರಿಸುವುದು ಹೇಗೆ? ವೇಗದಿಂದ. ನಿಮಿಷಕ್ಕೆ 6000 ಸುತ್ತು ತಿರುಗುವ, 16 ಇಂಚು ಅಗಲಕ್ಕೆ ಬೀಸುವ ಟ್ರಿಮ್ಮರಿನಲ್ಲಿ ದಾರದ ತುದಿಯ ವೇಗ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 460 ಕಿಲೋಮೀಟರ್ ಆಗುತ್ತದೆ. ಆ ವೇಗದಲ್ಲಿ ಮೆತ್ತನೆಯ ನೈಲಾನ್ ಕಡ್ಡಿಯಂತೆ ಸೆಟೆದು ನಿಲ್ಲುತ್ತದೆ. ಇಲ್ಲಿ ಗಮನಿಸಬೇಕಾದ್ದು, ಕತ್ತರಿಸುವುದು ದಾರದ ತುದಿ, ಅದರ ಮೈ ಅಲ್ಲ. ತುದಿಯ ಅರ್ಧ ಇಂಚು ಹುಲ್ಲಿಗೆ ತಗುಲಿದರೆ ಹುಲ್ಲು ತುಂಡಾಗುತ್ತದೆ. ಯಂತ್ರವನ್ನು ಒಳಕ್ಕೆ ತುರುಕಿದರೆ ದಾರ ಹುಲ್ಲಿಗೆ ಸುತ್ತಿಕೊಂಡು ವೇಗ ಕಳೆದುಕೊಳ್ಳುತ್ತದೆ, ಹುಲ್ಲು ಹರಿದು ತುದಿ ಕಂದಾಗುತ್ತದೆ. ಹೊಸಬರು ಶಕ್ತಿ ಹಾಕುವುದೇ ಇಲ್ಲಿ. ಬೇಡ ಸ್ವಾಮಿ, ಇದು ಬಟ್ಟೆ ಒಗೆಯುವ ಕೆಲಸವಲ್ಲ.

ದಾರದ ದಪ್ಪ ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ 0.065, 0.080 ಅಥವಾ 0.095 ಇಂಚು. ನಿಮ್ಮ ಯಂತ್ರಕ್ಕೆ ಹೇಳಿದ್ದನ್ನೇ ಹಾಕಿ. ದಪ್ಪಗಿದ್ದರೆ ಹೆಚ್ಚು ಬಾಳುತ್ತದೆ ಎಂದು ದೊಡ್ಡದನ್ನು ಹಾಕಿದರೆ ಮೋಟಾರಿಗೆ ಭಾರ. ಇನ್ನೊಂದು ಸಂಗತಿ ನಮ್ಮ ಬಿಸಿಲಿನಲ್ಲಿ ಬಹಳ ಮುಖ್ಯ. ನೈಲಾನ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು, ತೇವ ಇದ್ದಷ್ಟು ಬಾಗುತ್ತದೆ. ಕೆಂಡದಂತಹ ಗರಾಜಿನಲ್ಲಿ ಎರಡು ಬೇಸಿಗೆ ಕಳೆದ ದಾರ ಒಣಗಿ ಪೆಡಸಾಗಿ, ಸಿಮೆಂಟಿಗೆ ತಗುಲಿದೊಡನೆ ಪಟಪಟ ಮುರಿಯುತ್ತದೆ. ಹಿಂದಿನ ರಾತ್ರಿ ಸುರುಳಿಯನ್ನು ಒಂದು ಬಕೆಟ್ ನೀರಿನಲ್ಲಿ ನೆನೆಹಾಕಿ. ಹೆಸರುಕಾಳು ನೆನೆಹಾಕಿದಷ್ಟೇ ಸುಲಭ. ಬೆಳಗ್ಗೆ ನೋಡಿ ವ್ಯತ್ಯಾಸ.

ಸರಿ, ಕೆಲಸಕ್ಕೆ ಇಳಿಯೋಣ. ವರ್ಷದ ಮೊದಲ ಅಂಚನ್ನು ಟ್ರಿಮ್ಮರಿನಲ್ಲಿ ತೆಗೆಯಲು ಹೋಗಬೇಡಿ. ಹುಲ್ಲು ಈಗಾಗಲೇ ಮೂರು ಇಂಚು ಸಿಮೆಂಟಿನ ಮೇಲೆ ಹತ್ತಿ, ಅದರಡಿ ಮಣ್ಣೂ ಸೇರಿದ್ದರೆ, ದಾರಕ್ಕೆ ಅದು ನಿಲುಕದು. ಹಾಫ್ ಮೂನ್ ಎಡ್ಜರ್ ಎಂದು ಅರ್ಧಚಂದ್ರದ ಅಲಗಿನ, ಉದ್ದ ಹಿಡಿಯ ಸಾಧನ ಸಿಗುತ್ತದೆ. ಇಲ್ಲದಿದ್ದರೆ ಚಪ್ಪಟೆ ಸಲಿಕೆ ಸಾಕು. ಸಿಮೆಂಟಿನ ಅಂಚಿಗೆ ಅಲಗನ್ನು ಒತ್ತಿಟ್ಟು, ಮೇಲೆ ಕಾಲಿಟ್ಟು ನೇರ ಕೆಳಕ್ಕೆ ಎರಡು ಇಂಚು ಇಳಿಸಿ. ಹೀಗೆ ಸಾಲಾಗಿ ಕಡಿದರೆ ದಾರಿಯ ಮೇಲೆ ಹತ್ತಿದ್ದ ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬರುತ್ತದೆ. ಹ್ಯೂಸ್ಟನ್ನಿನ ಜೇಡಿಮಣ್ಣು ಒಣಗಿದಾಗ ಇಟ್ಟಿಗೆ, ನೆಂದಾಗ ಅಂಟು. ಮಳೆ ಬಂದು ಒಂದೆರಡು ದಿನ ಕಳೆದ ಮೇಲೆ ಇದಕ್ಕೆ ಹೊತ್ತು. ಗರಿಕೆಯ ನೆಲದೊಳಗಿನ ಹಂಬು ತುಂಡಾಗುವುದೂ ಈ ಸಲಿಕೆಯಲ್ಲೇ. ಒಮ್ಮೆ ಈ ಗೆರೆ ಬಿದ್ದರೆ, ಅದನ್ನು ಕಾಯ್ದುಕೊಳ್ಳುವುದಷ್ಟೇ ಟ್ರಿಮ್ಮರಿನ ಕೆಲಸ: ಬೆಳೆಯುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ, ಹತ್ತು ಹದಿನೈದು ನಿಮಿಷ.

ಟ್ರಿಮ್ಮರ್ ಹಿಡಿಯುವ ಮುನ್ನ ಬರಿಗೈಯಲ್ಲಿ ಅಂಚಿನುದ್ದಕ್ಕೂ ಒಮ್ಮೆ ನಡೆಯಿರಿ. ಕಲ್ಲು, ಸ್ಪ್ರಿಂಕ್ಲರಿನ ತಲೆ, ಮಕ್ಕಳ ಆಟಿಕೆ ಕಣ್ಣಿಗೆ ಬೀಳುತ್ತವೆ. ಸಿಮೆಂಟಿನ ಬದಿಗೇ ಮಣ್ಣಿನ ಗುಪ್ಪೆ ಕಂಡರೆ ಬೆಂಕಿ ಇರುವೆಯ ಗೂಡು ಇರಬಹುದು. ಅದರೊಳಗೆ ದಾರ ಬೀಸಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ.

ಮಾಮೂಲಾಗಿ ದಾರ ನೆಲಕ್ಕೆ ಸಮನಾಗಿ, ಹೆಲಿಕಾಪ್ಟರಿನ ರೆಕ್ಕೆಯಂತೆ ತಿರುಗುತ್ತದೆ. ಅಂಚಿಗೆ ಅದು ಗೋಡೆ ಗಡಿಯಾರದ ಮುಳ್ಳಿನಂತೆ ತಿರುಗಬೇಕು. ಆದ್ದರಿಂದ ಯಂತ್ರದ ಕೋಲನ್ನು ಕೈಯಲ್ಲೇ ಹೊರಳಿಸಿ, ದಾರ ಬೀಸುವ ವೃತ್ತ ನೆಟ್ಟಗೆ ನಿಲ್ಲುವವರೆಗೆ. ಈಗಿನ ಬ್ಯಾಟರಿ ಯಂತ್ರಗಳಲ್ಲಿ ಅನೇಕಕ್ಕೆ ಒಂದು ಗುಂಡಿ ಒತ್ತಿದರೆ ತಲೆ ತಾನೇ ತಿರುಗಿಕೊಳ್ಳುತ್ತದೆ, ಊರಿಕೊಂಡು ಹೋಗಲು ಪುಟ್ಟ ಚಕ್ರವೂ ಇರುತ್ತದೆ, ಕಲಿಯುವವರಿಗೆ ಒಳ್ಳೆಯದು. ಎಡಕ್ಕೆ ಹೊರಳಿಸಬೇಕೋ ಬಲಕ್ಕೋ? ಅದು ನಿಮ್ಮ ಯಂತ್ರ ತಿರುಗುವ ದಿಕ್ಕಿನ ಮೇಲಿದೆ, ಎಲ್ಲವೂ ಒಂದೇ ಕಡೆಗೆ ತಿರುಗುವುದಿಲ್ಲ. ನೆಲಕ್ಕೆ ತಗಲುವ ಕಡೆಯಲ್ಲಿ ದಾರ ನಿಮ್ಮಿಂದ ಮುಂದಕ್ಕೆ ಓಡುವಂತಿರಬೇಕು, ಆಗ ಮಣ್ಣು ಹುಲ್ಲು ಮುಂದಕ್ಕೆ ಹಾರುತ್ತವೆ. ಚೂರುಗಳು ಮೊಣಕಾಲಿಗೆ ಬಡಿಯುತ್ತಿದ್ದರೆ ತಪ್ಪು ಕಡೆಗೆ ಹೊರಳಿಸಿದ್ದೀರಿ ಎಂದರ್ಥ.

ದಾರಿಯ ಮೇಲೆ ನಿಲ್ಲಿ. ಮೊಣಕೈಗಳನ್ನು ಮೈಗೆ ಒತ್ತಿಕೊಳ್ಳಿ. ದಾರದ ತುದಿ ಸಿಮೆಂಟಿಗೂ ಹುಲ್ಲಿಗೂ ನಡುವಿನ ಸಂದಿಯಲ್ಲಿ ಅರ್ಧ ಇಂಚು ಇಳಿದಿರಲಿ, ಅಷ್ಟೇ. ಇನ್ನು ಕೈ ಆಡಿಸಬೇಡಿ, ಕಾಲು ನಡೆಯಲಿ. ಅಂಚು ಹಾವಿನಂತೆ ಆಗುವುದು ಕೈ ಬೀಸುವುದರಿಂದ. ಕಣ್ಣು ದಾರದ ಮೇಲೂ ಬೇಡ, ಎರಡು ಅಡಿ ಮುಂದೆ ಇರಲಿ. ಚುಕ್ಕಿ ರಂಗೋಲಿ ಎಳೆಯುವವರನ್ನು ನೋಡಿ, ಅವರ ದೃಷ್ಟಿ ಬೆರಳ ಮೇಲಿರುವುದಿಲ್ಲ, ಮುಂದಿನ ಚುಕ್ಕಿಯ ಮೇಲಿರುತ್ತದೆ. ನಮ್ಮ ಬೀದಿಗಳಲ್ಲಿ ಬೆಳಗ್ಗೆ ಏಳಕ್ಕೆ ಶುರುಮಾಡಿ ದಿನಕ್ಕೆ ಹತ್ತು ಹದಿನೈದು ಮನೆ ಮುಗಿಸುವ ಕೆಲಸಗಾರರ ಹೆಜ್ಜೆಯನ್ನು ಗಮನಿಸಿ. ಅವರು ನಿಲ್ಲುವುದೇ ಇಲ್ಲ. ಒಂದೇ ಲಯದಲ್ಲಿ, ತುಸು ನಿಧಾನವಾಗಿ ನಡೆದು ಹೋಗುತ್ತಾರೆ, ಹಿಂದೆ ಗೆರೆ ಬಿದ್ದಿರುತ್ತದೆ. ಯಾವ ವಿಡಿಯೋಗಿಂತ ಅದು ಒಳ್ಳೆಯ ಪಾಠ.

ವೃತ್ತ ನೆಟ್ಟಗಿಲ್ಲದೆ ವಾಲಿದ್ದರೆ ಅಂಚು ಇಳಿಜಾರಾಗುತ್ತದೆ. ಒಂದು ಸಲ ಗೊತ್ತಾಗುವುದಿಲ್ಲ. ಆದರೆ ಪ್ರತಿ ಸಲವೂ ಹುಲ್ಲು ಅರ್ಧರ್ಧ ಇಂಚು ಹಿಂದೆ ಸರಿದು, ಬೇಸಿಗೆ ಮುಗಿಯುವ ಹೊತ್ತಿಗೆ ಸಿಮೆಂಟಿನ ಪಕ್ಕ ನಾಲ್ಕು ಇಂಚಿನ ಬೋಳು ಚರಂಡಿ. ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ಬಿಸಿಲಿಗೆ ತೆರೆದುಕೊಂಡ ಹಂಬು ಒಣಗುತ್ತದೆ, ಖಾಲಿ ಜಾಗಕ್ಕೆ ಜೇಕು ಬಂದು ಕೂರುತ್ತದೆ. (ಹೌದು, ನಮ್ಮ ಗದ್ದೆಯ ಅದೇ ಜೇಕು ಇಲ್ಲೂ ಇದೆ. ಅದರ ಗಡ್ಡೆ ಕಿತ್ತವರಿಗೇ ಗೊತ್ತು ಅದರ ಹಠ.) ಮೂಲೆ ಬಂದಾಗ ತಿರುಗಿಸಿಕೊಂಡು ಹೋಗಬೇಡಿ, ನಿಲ್ಲಿಸಿ, ಇನ್ನೊಂದು ಬದಿಯಿಂದ ಬಂದು ಸೇರಿಸಿ. ಸಿಮೆಂಟಿಗೆ ದಾರ ತಾಗಿದರೆ ಸದ್ದು ಬದಲಾಗುತ್ತದೆ, ಕಿವಿಗೆ ಒಂದೆರಡು ವಾರದಲ್ಲಿ ಅದು ಅಭ್ಯಾಸವಾಗುತ್ತದೆ. ಕಾಲು ಮಾತ್ರವಲ್ಲ, ಕಿವಿಯೂ ಈ ಕೆಲಸ ಮಾಡುತ್ತದೆ.

ಮೊದಲು ಅಂಚೋ, ಮೊದಲು ಹುಲ್ಲೋ ಎಂಬ ವಿಷಯದಲ್ಲಿ ಅದ್ವೈತ-ದ್ವೈತದಂತೆ ಎರಡು ಪಂಥಗಳಿವೆ. ನಾನು ಅಂಚಿನವನು. ಮೊದಲು ಅಂಚು ತೆಗೆದರೆ ಲಾನಿನ ಮೇಲೆ ಬಿದ್ದ ಚೂರುಗಳನ್ನು ಮೋವರ್ ತಾನೇ ಪುಡಿಮಾಡಿಕೊಂಡು ಹೋಗುತ್ತದೆ. ದಾರಿಯ ಮೇಲೆ ಬಿದ್ದದ್ದನ್ನು ಗುಡಿಸಿ ಲಾನಿಗೇ ಹಾಕಿ. ದಯವಿಟ್ಟು ರಸ್ತೆಯ ಬದಿಯ ಮಳೆನೀರಿನ ಕಿಂಡಿಗೆ ತಳ್ಳಬೇಡಿ. ಆ ಕಿಂಡಿಯ ನೀರು ಶುದ್ಧೀಕರಣಕ್ಕೆ ಹೋಗುವುದಿಲ್ಲ, ನೇರ ಬಾಯೂಗಳಿಗೆ, ಅಲ್ಲಿಂದ ಗ್ಯಾಲ್ವೆಸ್ಟನ್ ಕೊಲ್ಲಿಗೆ. ಜೊತೆಗೆ, ಪ್ರವಾಹದ ಊರಿನಲ್ಲಿ ಕಿಂಡಿ ಕಟ್ಟಿಸುವುದು ಜಾಣತನವೂ ಅಲ್ಲ.

ಕಣ್ಣಿನ ವಿಷಯದಲ್ಲಿ ತಮಾಷೆ ಬೇಡ. ಯಂತ್ರ ಹೊರಳಿಸಿದಾಗ ಅದರ ರಕ್ಷಣೆಯ ತಟ್ಟೆಯೂ ಹೊರಳುತ್ತದೆ, ಮೊದಲಿನಷ್ಟು ನಿಮ್ಮನ್ನು ಮರೆಮಾಡುವುದಿಲ್ಲ. ಸಂದಿಯಲ್ಲಿರುವುದೂ ಮರಳು, ಸಿಮೆಂಟಿನ ಚೂರು. ಓದುವ ಕನ್ನಡಕ ಸಾಲದು, ಪಕ್ಕವೂ ಮುಚ್ಚಿರುವ ಸೇಫ್ಟಿ ಗ್ಲಾಸ್ ಬೇಕು. ಉದ್ದ ಪ್ಯಾಂಟು, ಶೂ. ಚಪ್ಪಲಿಯಲ್ಲಿ ಈ ಕೆಲಸ ಮಾಡುವವರನ್ನು ಕಂಡರೆ ನನಗೆ ಜೀವ ಝಲ್ಲೆನ್ನುತ್ತದೆ. ಮಕ್ಕಳು, ನಾಯಿ, ನೋಡುತ್ತ ನಿಂತ ಅತಿಥಿಗಳು ಐವತ್ತು ಅಡಿ ದೂರ. ಊರಿಗೆ ಹೋದವರು ಮಲೆನಾಡಿನ ತೋಟಗಳಲ್ಲಿ ಇದರ ದೊಡ್ಡಣ್ಣನನ್ನು, ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟ್ಟರನ್ನು, ನೋಡಿರುತ್ತೀರಿ. ಅದಕ್ಕೆ ದಾರವನ್ನೂ ಹಾಕುತ್ತಾರೆ, ಲೋಹದ ಅಲಗನ್ನೂ ಹಾಕುತ್ತಾರೆ. ಆದರೆ ದಾರದ ಬದಲು ಕಬ್ಬಿಣದ ಸರಪಳಿಯ ತುಂಡು ಜೋಡಿಸುವ ತಲೆಗಳು ಎಲ್ಲೇ ಕಂಡರೂ ಮುಟ್ಟಬೇಡಿ. ಕೊಂಡಿ ಕಳಚಿದರೆ ಅದು ಗುಂಡಿನಂತೆ ಹಾರುತ್ತದೆ. ಇಂತಹ ಸಾವಿನ ನಂತರವೇ ಯುರೋಪಿಯನ್ ಒಕ್ಕೂಟ 2012ರಲ್ಲಿ ಅವುಗಳ ಮಾರಾಟ ನಿಷೇಧಿಸಿತು. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ತೋಟವಿರುವ ನೆಂಟರಿಗೆ ಒಂದು ಮಾತು ಹೇಳಿ.

ಇನ್ನು ತೊಗಟೆಯ ವಿಷಯ. ಬಲ್ಲಾಸ್ ಅವರ ಲೆಕ್ಕ ದೊಡ್ಡ ಮರಕ್ಕೆ ಸರಿ. ದಪ್ಪ ತೊಗಟೆಯ ಹಳೆಯ ಓಕ್‌ಗೆ ನೈಲಾನ್ ದಾರ ಏನೂ ಮಾಡುವುದಿಲ್ಲ. ಎಳೆಯ ಮರದ ಕತೆಯೇ ಬೇರೆ. ಎಲೆಗಳು ತಯಾರಿಸಿದ ಆಹಾರ ಬೇರಿಗೆ ಇಳಿಯುವ ದಾರಿ ಇರುವುದು ತೊಗಟೆಯ ಒಳಪದರದಲ್ಲಿ, ಬೆರಳುಗುರಿನ ದಪ್ಪದಷ್ಟೇ ಒಳಗೆ. ಅಂಚು ನೀಟಾಗಿರಲಿ ಎಂದು ಬುಡದ ಸುತ್ತ ದಾರ ಆಡಿಸಿದಾಗಲೆಲ್ಲ ಆ ಪದರ ಒಂದಿಷ್ಟು ಕಿತ್ತುಹೋಗುತ್ತದೆ. ಸುತ್ತಲೂ ಒಂದು ಬಳೆಯಷ್ಟು ಕಿತ್ತರೆ ಸಾಕು, ಬೇರಿಗೆ ಊಟ ನಿಂತಿತು. ಮೋಸವೆಂದರೆ ನೀರು ಏರುವ ದಾರಿ ಇನ್ನೂ ಒಳಗಿನ ಕಟ್ಟಿಗೆಯಲ್ಲಿದೆ, ಅದು ಕೆಲಸ ಮಾಡುತ್ತಲೇ ಇರುತ್ತದೆ. ಎಲೆ ಹಸಿರಾಗೇ ಇರುತ್ತದೆ, ಮುಂದಿನ ವಸಂತದಲ್ಲಿ ಚಿಗುರೂ ಬರಬಹುದು. ಬೇರಿನ ಕೂಡಿಟ್ಟ ಗಂಟು ಕರಗಿದ ಮೇಲೆ ಮರ ಒಣಗುತ್ತದೆ. ಆಗ ಎಲ್ಲರೂ ಬಿಸಿಲನ್ನೋ ಹುಳುವನ್ನೋ ದೂರುತ್ತಾರೆ. ತೆಳು ತೊಗಟೆಯ ಕ್ರೇಪ್ ಮರ್ಟಲ್ ಇದಕ್ಕೆ ಸುಲಭದ ತುತ್ತು.

ಗೆಳೆಯರೊಬ್ಬರು ಊರಿನಲ್ಲಿ ತಾಯಿ ತೀರಿಕೊಂಡ ವರ್ಷ ಮನೆ ಮುಂದೆ ಒಂದು ಲೈವ್ ಓಕ್ ಸಸಿ ನೆಟ್ಟಿದ್ದರು. ವೀಸಾದ ತೊಡಕಿನಿಂದ ಅವರಿಗೆ ಕೊನೆಯ ದರ್ಶನಕ್ಕೆ ಹೋಗಲಾಗಿರಲಿಲ್ಲ. ಸಸಿ ನಾಲ್ಕು ವರ್ಷ ಚೆನ್ನಾಗಿ ಬೆಳೆಯಿತು, ಐದನೆಯ ವರ್ಷ ಒಂದು ಬದಿ ಒಣಗಿತು, ಆರನೆಯ ವರ್ಷ ಪೂರ್ತಿ. ಗೊಬ್ಬರ ಹಾಕಿದರು, ಔಷಧ ಹೊಡೆಸಿದರು. ಕೊನೆಗೆ ನೋಡಲು ಬಂದ ಮರದ ತಜ್ಞರು ಮೇಲೆ ನೋಡಲೇ ಇಲ್ಲ. ಬಗ್ಗಿ, ಬುಡದ ಹುಲ್ಲನ್ನು ಕೈಯಿಂದ ಸರಿಸಿದರು. ನೆಲದಿಂದ ಎರಡು ಇಂಚು ಮೇಲೆ, ಸೊಂಟಕ್ಕೆ ದಾರ ಕಟ್ಟಿದಂತೆ ಸುತ್ತಲೂ ಗಾಯದ ಗುರುತು. ಪ್ರತಿ ವಾರ ಬರುತ್ತಿದ್ದ ಹುಲ್ಲು ಕತ್ತರಿಸುವವರು ಬುಡವನ್ನು ಬಹಳ ಶ್ರದ್ಧೆಯಿಂದ ನೀಟು ಮಾಡುತ್ತಿದ್ದರು. ಯಾರೂ ಅವರಿಗೆ ಬೇಡ ಎಂದಿರಲಿಲ್ಲ.

ಮರದ ಬುಡಕ್ಕೆ ಅಂಚೇ ಬೇಡ, ಹುಲ್ಲೂ ಬೇಡ. ಕಾಂಡದ ಸುತ್ತ ಮೂರು ನಾಲ್ಕು ಅಡಿ ಅಗಲದ ವೃತ್ತದಲ್ಲಿ ಹುಲ್ಲು ತೆಗೆದು, ಎರಡು ಮೂರು ಇಂಚು ಮಲ್ಚ್ ಹಾಸಿ. ಅದನ್ನು ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಬೇಡಿ, ತೊಗಟೆ ಕೊಳೆಯುತ್ತದೆ. ಒಂದು ಗೇಣು ಬಿಟ್ಟು ಶುರುಮಾಡಿ. ಹುಲ್ಲು ಕತ್ತರಿಸಲು ಜನ ಇಟ್ಟಿದ್ದರೆ ಅವರಿಗೆ ಬಾಯಿಬಿಟ್ಟು ಹೇಳಿ.

ಆ ಗೆಳೆಯರ ಮನೆ ಮುಂದೆ ಈಗ ಇನ್ನೊಂದು ಓಕ್ ಇದೆ. ಸುತ್ತ ನಾಲ್ಕು ಅಡಿಯ ಮಲ್ಚ್. ಗರಿಕೆ ಆ ವೃತ್ತದೊಳಗೂ ನುಗ್ಗಲು ನೋಡುತ್ತದೆ. ಅವರು ತಿಂಗಳಿಗೊಮ್ಮೆ ಮೊಣಕಾಲೂರಿ ಕೂತು ಕೈಯಲ್ಲೇ ಕೀಳುತ್ತಾರೆ. ಭಾದ್ರಪದ ಬಂದಾಗ ಗರಿಕೆಯನ್ನೂ ಅಲ್ಲಿಂದಲೇ ತೆಗೆಯುತ್ತಾರೆ.